ಹುಬ್ಬಿಗೆ ಬಣ್ಣ ಕೂರಿಸಿಕೊಂಡ ಮೇಲಿನ ಆರು ವಾರ: ಆರೈಕೆ ಹೇಗೆ, ಎಚ್ಚರ ಎಲ್ಲಿ?

ಹುಬ್ಬಿಗೆ ಬಣ್ಣ ಕೂರಿಸಿಕೊಂಡು ಹೋದವರಿಂದ ಮೂರನೆಯ ದಿನ ಒಂದು ಸಂದೇಶ ಬರುತ್ತದೆ: 'ಹುಬ್ಬು ಕಾಡಿಗೆ ಬಳಿದಷ್ಟು ಕಪ್ಪಾಗಿದೆ, ಹೊರಗೆ ಕಾಲಿಡಲು ನಾಚಿಕೆಯಾಗುತ್ತಿದೆ.' ಹನ್ನೆರಡನೆಯ ದಿನ ಅವರಿಂದಲೇ ಇನ್ನೊಂದು: 'ಬಣ್ಣವೆಲ್ಲ ಉದುರಿಹೋಯಿತು, ಕೊಟ್ಟ ಹಣ ದಂಡ.' ಈ ಕೆಲಸ ಹಿಡಿದಂದಿನಿಂದ ಈ ಎರಡು ಪ್ರಶ್ನೆಗಳಿಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಬರೆಯುತ್ತ ಬಂದಿದ್ದೇನೆ. ಈಗ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಬಹುಪಾಲು ಈ ಎರಡೂ ಸಂದರ್ಭಗಳಲ್ಲಿ ಹುಬ್ಬಿಗೆ ಏನೂ ಕೆಟ್ಟದ್ದಾಗಿರುವುದಿಲ್ಲ. ಗಾಯ ತನ್ನ ಪಾಡಿಗೆ ತಾನು ಮಾಯುತ್ತಿರುತ್ತದೆ. ಕೆಲಸ ಕೆಡುವುದು ಆ ಗಾಬರಿಯಲ್ಲಿ ನಾವು ಮಾಡುವ ಕೆಲಸಗಳಿಂದ: ಉಜ್ಜುವುದು, ಕೀಳುವುದು, ಮನೆಯಲ್ಲಿ ಕೈಗೆ ಸಿಕ್ಕ ಟ್ಯೂಬು ಹಚ್ಚುವುದು.

ಮೊದಲು ನಾಲ್ಕು ಪದಗಳನ್ನು ಬಿಡಿಸಿ ಹೇಳುತ್ತೇನೆ. ಮೈಕ್ರೋಬ್ಲೇಡಿಂಗ್ ಎಂದರೆ ಅತಿ ಸಣ್ಣ ಸೂಜಿಗಳ ಸಾಲೊಂದನ್ನು ಹಿಡಿಗೆ ಕೂರಿಸಿ, ಕೈಯಿಂದಲೇ ಹುಬ್ಬಿನ ಕೂದಲಿನಂಥ ಗೆರೆಗಳನ್ನು ಎಳೆಯುತ್ತ ಬಣ್ಣ ತುಂಬುವ ವಿಧಾನ. ಪೌಡರ್ ಬ್ರೋ ಎಂದರೆ ಯಂತ್ರದ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಬಣ್ಣ ಇಟ್ಟು, ಪೌಡರ್ ತೀಡಿದಂಥ ನೆರಳು ಬರಿಸುವುದು. ಲಿಪ್ ಬ್ಲಶ್ ತುಟಿಗೆ ಮಾಡುವ ಇಂಥದೇ ಕೆಲಸ. ಪಿಗ್ಮೆಂಟ್ ಎಂದರೆ ಚರ್ಮದೊಳಗೆ ಇಳಿಸುವ ಬಣ್ಣ. ಎಲ್ಲವನ್ನೂ ಸೇರಿಸಿ ಸೆಮಿ ಪರ್ಮನೆಂಟ್ ಮೇಕಪ್ ಎನ್ನುತ್ತಾರೆ. ಮೇಕಪ್ ಎಂಬ ಆ ಮಾತು ಕೇಳಿಯೇ ಅನೇಕರು ಇದನ್ನು ಲಿಪ್‌ಸ್ಟಿಕ್ಕಿನಂತೆ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಿಮ್ಮ ಅಜ್ಜಿಯ ಮುಂಗೈ ಮೇಲೆ ಹಸಿರುಗಟ್ಟಿದ ಹಚ್ಚೆ ಇದ್ದರೆ ಅದನ್ನು ನೆನಪಿಸಿಕೊಳ್ಳಿ. ಅದೂ ಸೂಜಿಯ ಕೆಲಸ, ಇದೂ ಸೂಜಿಯ ಕೆಲಸ. ಇಲ್ಲಿ ಆಳ ಕಡಿಮೆ, ಬಣ್ಣ ಬೇರೆ, ಅಷ್ಟೇ. ಹಚ್ಚೆ ಹಾಕಿಸಿಕೊಂಡ ಕೈಯನ್ನು ಹೇಗೆ ಜೋಪಾನ ಮಾಡುತ್ತಿದ್ದರೋ ಹುಬ್ಬನ್ನೂ ಹಾಗೆಯೇ ಜೋಪಾನ ಮಾಡಬೇಕು.

ಚರ್ಮದೊಳಗೆ ನಡೆಯುವುದೇನು?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕೆಳಗೆ ಹೇಳುವ ಪ್ರತಿಯೊಂದು ನಿಯಮದ ಬೇರು ಇಲ್ಲಿದೆ.

ಚರ್ಮಕ್ಕೆ ಮುಖ್ಯವಾಗಿ ಎರಡು ಪದರಗಳು. ಮೇಲಿನ ತೆಳು ಪದರ ಹೊರಚರ್ಮ, ಅದರ ಕೆಳಗಿನದು ಒಳಚರ್ಮ. ಹೊರಚರ್ಮದ ಜೀವಕೋಶಗಳು ಕೆಳಗೆ ಹುಟ್ಟಿ, ಮೇಲಕ್ಕೆ ಸರಿಯುತ್ತ, ಕೊನೆಗೆ ಹೊಟ್ಟಿನಂತೆ ಉದುರುತ್ತವೆ. ಈ ಸುತ್ತು ಮುಗಿಯಲು ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು. ಸೂಜಿ ಬಣ್ಣವನ್ನು ಇಳಿಸುವುದು ಒಂದು ಮಿಲಿಮೀಟರಿಗಿಂತಲೂ ಕಡಿಮೆ ಆಳಕ್ಕೆ, ಒಳಚರ್ಮದ ಮೇಲ್ಭಾಗಕ್ಕೆ. ದಾರಿಯಲ್ಲಿ ಹೊರಚರ್ಮದಲ್ಲೂ ಒಂದಿಷ್ಟು ಬಣ್ಣ ಉಳಿಯುತ್ತದೆ. ಮೊದಲ ದಿನಗಳಲ್ಲಿ ಕಾಣುವ ಆ ಗಾಢ ಕಪ್ಪು ಈ ಹೊರಚರ್ಮದ ಬಣ್ಣ ಮತ್ತು ಗಾಯದಿಂದ ಒಸರಿ ಒಣಗಿದ ರಸಿಕೆ ಸೇರಿ ಆದದ್ದು. ಅದು ಉದುರಲೇಬೇಕು. ಉಳಿಯುವುದು ಒಳಚರ್ಮದ ಬಣ್ಣ ಮಾತ್ರ.

ಒಳಗಿನ ಬಣ್ಣವನ್ನು ಹಿಡಿದಿಡುವುದು ನಮ್ಮ ದೇಹದ ಕಾವಲು ಜೀವಕೋಶಗಳು. ಹೊರಗಿನಿಂದ ಬಂದ ಕಣವನ್ನು ನುಂಗಿ ಹಾಕುವುದು ಅವುಗಳ ಕೆಲಸ. ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳ ಬಾಲಕ್ಕೆ ಹಚ್ಚೆ ಹಾಕಿ ಒಂದು ಸಂಗತಿಯನ್ನು ತೋರಿಸಿದರು: ಬಣ್ಣ ನುಂಗಿದ ಕೋಶ ಸತ್ತಾಗ, ಅದು ಉಗುಳಿದ ಬಣ್ಣವನ್ನು ಅಲ್ಲಿಗೆ ಬಂದ ಹೊಸ ಕೋಶ ಮತ್ತೆ ನುಂಗುತ್ತದೆ. ಕೈಯಿಂದ ಕೈಗೆ ದಾಟಿಸಿದಂತೆ. ಹಚ್ಚೆ ವರ್ಷಗಟ್ಟಲೆ ನಿಲ್ಲುವ ಗುಟ್ಟು ಇದು. ಗಾಯವನ್ನು ಕೆರೆದು ಕೆದಕಿದರೆ ಈ ಬಣ್ಣ ನೆಲೆ ಕಾಣುವ ಮೊದಲೇ ರಕ್ತ ರಸಿಕೆಗಳ ಜೊತೆ ಹೊರಗೆ ಬರುತ್ತದೆ.

1. ದಿನ ಗೊತ್ತು ಮಾಡುವುದು

ಆರೈಕೆ ಶುರುವಾಗುವುದು ಕ್ಯಾಲೆಂಡರಿನಿಂದ. ಮೊದಲ ಸಲದ ಗಾಯ ಮಾಯಲು ಆರು ವಾರ, ಆಮೇಲೆ ತಿದ್ದುವ ಕೆಲಸ, ಅದು ಮಾಯಲು ಮತ್ತೆ ಆರು ವಾರ. ಆದ್ದರಿಂದ ಮದುವೆ ಗೊತ್ತಾಗಿರುವವರು ಮುಹೂರ್ತಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ಮಾಡಿಸಿಕೊಳ್ಳಬೇಕು. ಮದುವೆಗೆ ಹದಿನೈದು ದಿನ ಇರುವಾಗ ಬಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರಿಶಿನ ಶಾಸ್ತ್ರದ ದಿನ ಹಸಿ ಗಾಯದ ಮೇಲೆ ಎಣ್ಣೆ ಅರಿಶಿನ ಬಿದ್ದರೆ ಮುಂದೇನಾಗುತ್ತದೆಂದು ಹೇಳಲಾಗದು. ಹತ್ತಾರು ಕೈಗಳು ಪ್ರೀತಿಯಿಂದ ಕೆನ್ನೆ ಹಣೆಗೆ ಹಚ್ಚುವಾಗ 'ಹುಬ್ಬು ಬಿಡಿ' ಎಂದು ಯಾರಿಗೆಂದು ಹೇಳುತ್ತೀರಿ?

ಕಾರ್ತಿಕ ಮಾಸದ ಮದುವೆಯಾದರೆ ಆಷಾಢ ಒಳ್ಳೆಯ ಕಾಲ. ಶುಭಕಾರ್ಯಗಳ ಓಡಾಟವಿಲ್ಲ, ಬಿಸಿಲೂ ತಗ್ಗಿರುತ್ತದೆ. ಕರಾವಳಿ ಮಲೆನಾಡಿನವರು ಮಾತ್ರ ಮಳೆನೀರು ಮುಖಕ್ಕೆ ಬೀಳದಂತೆ ಎಚ್ಚರ ವಹಿಸಬೇಕು. ಹಾಗೆಯೇ ನರಕ ಚತುರ್ದಶಿಯ ಎಣ್ಣೆ ಸ್ನಾನ, ಪ್ರವಾಸ, ನೇತ್ರಾವತಿಯಲ್ಲೋ ಗೋಕರ್ಣದ ಸಮುದ್ರದಲ್ಲೋ ಮುಳುಗುವ ಯೋಚನೆ, ಈಜುಕೊಳ, ಇವೆಲ್ಲ ಮುಂದಿನ ನಾಲ್ಕು ವಾರ ಇಲ್ಲ ಎಂದು ಖಚಿತ ಮಾಡಿಕೊಂಡೇ ದಿನ ಗೊತ್ತು ಮಾಡಿ.

ಕೆಲವರು ಮೊದಲು ವೈದ್ಯರನ್ನು ಕೇಳಲೇಬೇಕು. ಮಧುಮೇಹ ಹತೋಟಿಯಲ್ಲಿಲ್ಲದವರು, ಹಳೆಯ ಗಾಯಗಳು ಉಬ್ಬಿ ಗಡ್ಡೆಯಂತೆ ನಿಂತಿರುವವರು, ಅಂದರೆ ಕೆಲಾಯ್ಡ್ ಆಗುವ ಚರ್ಮದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು (ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ), ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ನುಂಗುತ್ತಿರುವವರು ಅಥವಾ ನುಂಗಿ ಆರು ತಿಂಗಳು ಕಳೆಯದವರು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮುಂದೂಡುವುದೇ ಸರಿ. ಹುಬ್ಬಿನ ಜಾಗದಲ್ಲಿ ಮಚ್ಚೆ ಇದ್ದರೆ ಅದರ ಮೇಲೆ ಸೂಜಿ ಆಡಿಸಲು ಬಿಡಬೇಡಿ.

ಕುರ್ಚಿಯಲ್ಲಿ ಕುಳಿತ ಮೇಲೆ ಒಂದೇ ಒಂದು ಹಟ ಹಿಡಿಯಿರಿ: ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು, ಕೈಗವಸು ಹೊಸದಾಗಿರಬೇಕು. ಒಬ್ಬರಿಗೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಬಳಿ ಮಾಡಿಸಿಕೊಳ್ಳಬೇಡಿ, ಎದ್ದು ಬನ್ನಿ. ಬಣ್ಣದ ಶೀಶೆಯ ಹೆಸರು, ಬ್ಯಾಚ್ ಸಂಖ್ಯೆಗಳ ಫೋಟೊ ತೆಗೆದುಕೊಳ್ಳಿ. ಮುಂದೆ ಅಲರ್ಜಿಯಾದರೆ ವೈದ್ಯರು ಮೊದಲು ಕೇಳುವುದು ಅದನ್ನೇ.

2. ಮನೆಯಲ್ಲಿ ಇರಬೇಕಾದ ಸಾಮಾನು

ಪರಿಮಳವಿಲ್ಲದ ಸೌಮ್ಯವಾದ ದ್ರವ ಸೋಪು. ಕುದಿಸಿ ಆರಿಸಿದ ನೀರು. ಬೋರ್‌ವೆಲ್ಲಿನ ಗಡಸು ನೀರನ್ನು, ಸಂಪಿನಲ್ಲಿ ನಿಂತ ನೀರನ್ನು ಮೊದಲ ವಾರ ಹಾಗೆಯೇ ಬಳಸಬೇಡಿ. ಒರೆಸಲು ಟಿಶ್ಯೂ ಕಾಗದ ಅಥವಾ ಗಾಜ್ ಬಟ್ಟೆ. ಹತ್ತಿಯ ಉಂಡೆ ಬೇಡ, ಅದರ ಎಳೆಗಳು ಗಾಯಕ್ಕೆ ಅಂಟುತ್ತವೆ. ಮಾಡಿದವರು ಕೊಟ್ಟ ಮುಲಾಮು. ಕೊಟ್ಟಿಲ್ಲವೆಂದರೆ ಸಾದಾ ಪೆಟ್ರೋಲಿಯಂ ಜೆಲ್ಲಿಯ ಹೊಸ ಟ್ಯೂಬು. ಮನೆಮಂದಿಯೆಲ್ಲ ಬೆರಳು ಅದ್ದುವ ಹಳೆಯ ಡಬ್ಬಿ ಖಂಡಿತ ಬೇಡ. ಒಗೆದು ಬಿಸಿಲಿಗೆ ಒಣಗಿಸಿದ ಮೂರು ನಾಲ್ಕು ದಿಂಬಿನ ಚೀಲಗಳು. ಅಗಲ ಅಂಚಿನ ಟೋಪಿ ಅಥವಾ ಕೊಡೆ.

3. ಮೊದಲ ದಿನ: ರಸಿಕೆ ಒಣಗಲು ಬಿಡಬೇಡಿ

ನೋವಾಗದಿರಲೆಂದು ಹಚ್ಚಿದ ಮರಗಟ್ಟಿಸುವ ಕ್ರೀಮಿನ ಪ್ರಭಾವ ಇಳಿದ ಮೇಲೆ ಬಿಸಿಲಿಗೆ ಬೆಂದಂತೆ ಉರಿಯುತ್ತದೆ. ಅಂಚು ಕೆಂಪಾಗುತ್ತದೆ, ತುಸು ಊದಿಕೊಳ್ಳುತ್ತದೆ. ತಿಳಿಯಾದ, ನಸು ಹಳದಿಯ ರಸಿಕೆ ಒಸರುತ್ತದೆ. ಇದು ಕೀವಲ್ಲ, ಗಾಯ ಮಾಯಿಸಲೆಂದು ದೇಹ ಕಳಿಸುವ ದ್ರವ. ಅಲ್ಲೇ ಒಣಗಿದರೆ ದಪ್ಪ ಹಕ್ಕಳೆ ಕಟ್ಟುತ್ತದೆ. ದಪ್ಪ ಹಕ್ಕಳೆ ಬೀಳುವಾಗ ಬಣ್ಣವನ್ನೂ ಎತ್ತಿಕೊಂಡು ಹೋಗುತ್ತದೆ. ಅದಕ್ಕಾಗಿಯೇ ಮೊದಲ ಐದಾರು ಗಂಟೆ, ಗಂಟೆಗೊಮ್ಮೆಯಾದರೂ, ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ ರಸಿಕೆ ತೆಗೆಯಿರಿ. ಒತ್ತಬೇಕು, ಎಳೆಯಬಾರದು.

ರಾತ್ರಿ ಮಲಗುವ ಮೊದಲು ತೊಳೆಯಬೇಕು. ತೊಳೆಯಲು ಹೆದರುವವರೇ ಹೆಚ್ಚು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಕೈಗಳನ್ನು ಸೋಪಿನಿಂದ ಮೊಣಕೈವರೆಗೆ ತೊಳೆದುಕೊಳ್ಳಿ. ಅಂಗೈಯಲ್ಲಿ ಒಂದು ಹನಿ ಸೋಪಿಗೆ ಆರಿಸಿದ ನೀರು ಬೆರೆಸಿ ನೊರೆ ಮಾಡಿ. ಉಂಗುರ ಬೆರಳಿನ ತುದಿಗೆ ಆ ನೊರೆ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ, ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಮಗುವಿನ ಹುಬ್ಬು ತೀಡುವಷ್ಟು ಹಗುರವಾಗಿ ಐದಾರು ಸಲ ಆಡಿಸಿ. ಉಂಗುರ ಬೆರಳೇ ಏಕೆಂದರೆ ಅದರಿಂದ ಜೋರು ಒತ್ತಲು ಆಗುವುದಿಲ್ಲ. ನಂತರ ಬೆರಳುಗಳಿಂದ ನೀರು ಹನಿಸಿ ನೊರೆ ಇಳಿಸಿ, ಟಿಶ್ಯೂವನ್ನು ಹುಬ್ಬಿನ ಮೇಲೆ ಇಟ್ಟು ಎತ್ತಿ. ಕಾಗದದ ಮೇಲೆ ಕಂದು ಬಣ್ಣದ ಗೆರೆಗಳು ಮೂಡಿರುತ್ತವೆ. ಬಣ್ಣವೆಲ್ಲ ಬಂದುಬಿಟ್ಟಿತೆಂದು ಎದೆ ಒಡೆದುಕೊಳ್ಳಬೇಡಿ, ಮೇಲೆ ನಿಂತಿದ್ದ ಹೆಚ್ಚುವರಿ ಬಣ್ಣ ಅದು.

ಪೂರ್ತಿ ಒಣಗಿದ ಮೇಲೆ ಮುಲಾಮು. ಒಂದು ಹುಬ್ಬಿಗೆ ಅಕ್ಕಿಕಾಳಿನ ಅರ್ಧದಷ್ಟು, ಅಂದರೆ ಎರಡಕ್ಕೂ ಸೇರಿ ಒಂದು ಅಕ್ಕಿಕಾಳಿನಷ್ಟು ಸಾಕು. ಹಚ್ಚಿದ ಮೇಲೆ ಚರ್ಮ ನಸು ಹೊಳೆಯಬೇಕು. ಜಿಡ್ಡು ಕಂಡರೆ ಹೆಚ್ಚಾಯಿತೆಂದು ಅರ್ಥ.

ಮಲಗುವಾಗ ಅಂಗಾತ ಮಲಗಿ. ಬೋರಲು ಮಲಗುವ ಅಭ್ಯಾಸವಿದ್ದರೆ ಎರಡೂ ಪಕ್ಕಕ್ಕೆ ದಿಂಬು ಇಟ್ಟುಕೊಳ್ಳಿ. ನೋವಿಗೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್ ರಕ್ತ ಒಸರುವುದನ್ನು ಹೆಚ್ಚಿಸುತ್ತದೆ, ನೋವಿಗೆಂದು ಅದನ್ನು ನುಂಗಬೇಡಿ.

4. ಎರಡರಿಂದ ನಾಲ್ಕನೆಯ ದಿನ: ಕಪ್ಪಾಗುವ ಕಾಲ

ಬಣ್ಣ ಗಾಢವಾಗುತ್ತದೆ, ಹುಬ್ಬು ಅಂದುಕೊಂಡದ್ದಕ್ಕಿಂತ ದಪ್ಪ ಕಾಣುತ್ತದೆ. ಊತ ಎರಡೂ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಒಂದು ಮೇಲೆ ಒಂದು ಕೆಳಗೆ ಇದ್ದಂತೆಯೂ ತೋರಬಹುದು. ಕನ್ನಡಿಯಲ್ಲಿ ಅಳತೆ ಮಾಡಲು ಕೂರಬೇಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮೇಲೆ ಹೇಳಿದಂತೆ ತೊಳೆದು, ಒತ್ತಿ ಒಣಗಿಸಿ, ತೆಳ್ಳಗೆ ಮುಲಾಮು ಹಚ್ಚಿ.

ಒಣ ಆರೈಕೆ ಒಳ್ಳೆಯದೋ ಒದ್ದೆ ಆರೈಕೆ ಒಳ್ಳೆಯದೋ ಎಂಬ ವಾದ ನಮ್ಮ ವೃತ್ತಿಯಲ್ಲಿ ಇನ್ನೂ ಮುಗಿದಿಲ್ಲ. ಏನೂ ಹಚ್ಚದೆ ಒಣಗಲು ಬಿಡಿ ಎನ್ನುವವರು ಒಂದು ಕಡೆ, ಮುಲಾಮು ಹಚ್ಚಿ ಎನ್ನುವವರು ಇನ್ನೊಂದು ಕಡೆ. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಮರಿಗಳ ಚರ್ಮದ ಮೇಲೆ ನಡೆಸಿದ ಪ್ರಯೋಗದಲ್ಲಿ, ತೇವ ಉಳಿಸಿ ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಬೆಳೆದದ್ದು ಗಾಳಿಗೆ ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ. ಹಕ್ಕಳೆಯ ಕೆಳಗೆ ನುಸುಳಿಕೊಂಡು ಬೆಳೆಯಬೇಕಾದ ತೊಂದರೆ ಹೊಸ ಕೋಶಗಳಿಗೆ ಅಲ್ಲಿರಲಿಲ್ಲ. ಹಾಗಾಗಿ ನನ್ನ ಒಲವು ತೆಳು ಮುಲಾಮಿನ ಕಡೆಗೆ. ಎಣ್ಣೆ ಚರ್ಮದವರಿಗೆ ದಿನಕ್ಕೆ ಒಂದೇ ಸಲ ಸಾಕು. ನಿಮಗೆ ಮಾಡಿದವರು ಬೇರೆ ಕ್ರಮ ಬರೆದುಕೊಟ್ಟಿದ್ದರೆ ಅದನ್ನೇ ಪಾಲಿಸಿ. ಅವರು ಎಷ್ಟು ಆಳಕ್ಕೆ ಹೋಗಿದ್ದಾರೆಂದು ಅವರಿಗೆ ಗೊತ್ತು. ಎರಡೂ ಕ್ರಮಗಳನ್ನು ಬೆರೆಸಿ ಮಧ್ಯಾಹ್ನ ಒಂದು, ರಾತ್ರಿ ಒಂದು ಮಾಡಬೇಡಿ.

ಈ ವಾರ ಬೇಡವಾದವು ಇವು. ಕುಕ್ಕರ್ ಮುಚ್ಚಳ ತೆಗೆಯುವಾಗ, ಒಗ್ಗರಣೆ ಹಾಕುವಾಗ ಮುಖ ಬಗ್ಗಿಸಬೇಡಿ; ಹಬೆಯೂ ಮೆಣಸಿನ ಘಾಟೂ ಸಿಡಿಯುವ ಎಣ್ಣೆಯೂ ನೇರ ಹುಬ್ಬಿಗೇ ತಾಗುತ್ತವೆ. ಬೆವರು ಸುರಿಯುವ ವ್ಯಾಯಾಮ ಹತ್ತು ದಿನ ಬೇಡ. ತಲೆಸ್ನಾನ ಮಾಡಲೇಬೇಕಾದರೆ ತಲೆಯನ್ನು ಹಿಂದಕ್ಕೆ ವಾಲಿಸಿ, ಇನ್ನೊಬ್ಬರಿಂದ ಚೊಂಬಿನಲ್ಲಿ ನೀರು ಹಾಕಿಸಿಕೊಳ್ಳಿ. ಸೀಗೆಪುಡಿಯ ನೀರು, ಶಾಂಪೂ ನೊರೆ ಹಣೆಯ ಮೇಲೆ ಇಳಿಯಬಾರದು. ಇನ್ನು ದ್ವಿಚಕ್ರ ವಾಹನದವರು: ಹೆಲ್ಮೆಟ್ಟಿನ ಒಳಗಿನ ಮೆತ್ತೆ ಸರಿಯಾಗಿ ಹುಬ್ಬಿನ ಮೇಲಂಚಿಗೆ ಬಂದು ಕೂರುತ್ತದೆ, ಪ್ರತಿ ಉಬ್ಬುತಗ್ಗಿಗೂ ಉಜ್ಜುತ್ತದೆ. ಹೆಲ್ಮೆಟ್ ಬಿಟ್ಟು ಗಾಡಿ ಓಡಿಸುವ ಮಾತೇ ಇಲ್ಲ, ಆದ್ದರಿಂದ ಒಂದು ವಾರ ಗಾಡಿಯನ್ನೇ ಬಿಡಿ. ಬಸ್ಸೋ ಆಟೊವೋ ಹಿಡಿಯಿರಿ.

ಏನು ಹಚ್ಚಬಾರದು?

ಗಾಯ ಎಂದೊಡನೆ ನಮ್ಮ ಕೈ ಹೋಗುವುದು ಅರಿಶಿನದ ಡಬ್ಬಿಗೆ. ಅಡುಗೆ ಅರಿಶಿನ ಸೋಂಕುರಹಿತವಲ್ಲ, ಅದರ ಹಳದಿ ಹಸಿ ಚರ್ಮಕ್ಕೆ ಹಿಡಿಯುತ್ತದೆ, ಕೆಲವರಿಗೆ ಅದರಿಂದಲೇ ಅಲರ್ಜಿಯಾಗುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಲೋಳೆಸರ, ವಿಭೂತಿ ಯಾವುದೂ ಬೇಡ. ಕುಂಕುಮ ಇಟ್ಟುಕೊಳ್ಳುವವರು ಎರಡು ಹುಬ್ಬುಗಳ ನಡುವೆ ಇಡುವ ಬದಲು ತುಸು ಮೇಲೆ, ಹಣೆಯ ಮಧ್ಯಕ್ಕೆ ಇಡಿ. ಒಣ ಪುಡಿ ಗಾಯದ ಮೇಲೆ ಉದುರದಿರಲಿ.

ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಔಷಧಿ ಅಂಗಡಿಯ ಟ್ಯೂಬುಗಳು. ತುರಿಕೆಗೆಂದು, ಮುಖ ಬೆಳ್ಳಗಾಗಲೆಂದು ಮನೆಮನೆಯಲ್ಲಿ ಇರುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ದಿನ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, 'ಎಷ್ಟು ಒಳ್ಳೆಯ ಔಷಧಿ' ಎನಿಸುತ್ತದೆ. ಆದರೆ ಸ್ಟೀರಾಯ್ಡ್ ಗಾಯ ಮಾಯುವುದನ್ನು ತಡಮಾಡುತ್ತದೆ, ಚರ್ಮವನ್ನು ತೆಳುವಾಗಿಸುತ್ತದೆ, ಒಳಗೆ ನಂಜೇರುತ್ತಿದ್ದರೆ ಅದರ ಲಕ್ಷಣವನ್ನೇ ಮುಚ್ಚಿಹಾಕುತ್ತದೆ. ಆಂಟಿಬಯಾಟಿಕ್ ಮುಲಾಮನ್ನೂ ವೈದ್ಯರು ಹೇಳದೆ ಹಚ್ಚಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ನಿಯೋಮೈಸಿನ್ ಅನೇಕರಿಗೆ ಅಲರ್ಜಿ ಉಂಟುಮಾಡುತ್ತದೆ. ಆಗ ನೋಡುವವರಿಗೆ ಗಾಯ ಕೆಟ್ಟಿದೆಯೋ ಮುಲಾಮು ಕೆಡಿಸಿದೆಯೋ ತಿಳಿಯುವುದಿಲ್ಲ.

ಬದನೆಕಾಯಿ ತಿನ್ನಬಹುದೇ, ಮೀನು ತಿನ್ನಬಹುದೇ ಎಂದು ಹಿರಿಯರಿರುವ ಮನೆಯಿಂದ ಬಂದ ಪ್ರತಿಯೊಬ್ಬರೂ ಕೇಳುತ್ತಾರೆ. ನಂಜಿನ ಪದಾರ್ಥ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಿಮಗೆ ಆ ಪದಾರ್ಥ ಮೊದಲಿನಿಂದ ಒಗ್ಗದಿದ್ದರೆ ಬಿಡಿ. ಒಗ್ಗುವುದಾದರೆ ಹುಬ್ಬಿನ ಗಾಯಕ್ಕಾಗಿ ಪಥ್ಯ ಮಾಡಬೇಕಿಲ್ಲ. ಅಜ್ಜಿಯ ಸಮಾಧಾನಕ್ಕೆ ಒಂದು ವಾರ ಬಿಟ್ಟರೆ ನಷ್ಟವೂ ಇಲ್ಲ. ಬೇಳೆ, ಮೊಟ್ಟೆ, ಹಾಲು, ಹಣ್ಣು ಮಾತ್ರ ಬಿಡಬೇಡಿ.

5. ಐದರಿಂದ ಹತ್ತನೆಯ ದಿನ: ತುರಿಕೆ, ಹೊಟ್ಟು, ಹಕ್ಕಳೆ

ಹೆಚ್ಚಿನ ಹುಬ್ಬುಗಳು ಕೆಡುವುದು ಈ ಆರು ದಿನಗಳಲ್ಲಿ. ಚರ್ಮ ಬಿಗಿಯುತ್ತದೆ, ತುರಿಕೆ ತಡೆಯಲಾಗದಂತೆ ಬರುತ್ತದೆ. ಮುಖ ತೊಳೆದ ಬೇಸಿನ್ನಿನಲ್ಲಿ ಒಂದು ಕಂದು ಎಳೆ ಬಿದ್ದಿರುತ್ತದೆ, ಕೂದಲಿನಷ್ಟು ಸಣ್ಣ, ಎಳೆದ ಗೆರೆಯದೇ ಅಚ್ಚು. ಗೆರೆಯೇ ಕಿತ್ತು ಬಂತು ಎನಿಸುತ್ತದೆ. ಅದು ಹೊರಚರ್ಮದ ಸಿಪ್ಪೆ. ತಾನಾಗಿ ಬಿದ್ದರೆ ಅದರ ಕೆಳಗೆ ಬಣ್ಣ ಸುರಕ್ಷಿತ. ನೀವು ಕಿತ್ತರೆ ಆ ಜಾಗದಲ್ಲಿ ಬಣ್ಣವಿಲ್ಲದ ಬಿಳಿ ಕಿಂಡಿ ಉಳಿಯುತ್ತದೆ. ಕೆಲವೊಮ್ಮೆ ಕಲೆಯೂ ನಿಲ್ಲುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ ಕೆದಕಿದ ಗಾಯ ಕಪ್ಪು ಕಲೆಯಾಗುವ ಸಂಭವ ಹೆಚ್ಚು.

ಅರ್ಧ ಬಿಟ್ಟು ಅರ್ಧ ಅಂಟಿಕೊಂಡು ನೇತಾಡುವ ಹಕ್ಕಳೆಯನ್ನೂ ಎಳೆಯಬೇಡಿ. ಶರ್ಟಿನ ದಾರದಂತೆ ಕಿರಿಕಿರಿ ಮಾಡಿದರೆ ಹೊರಗೆ ಚಾಚಿದ ತುದಿಯನ್ನಷ್ಟೇ ಶುದ್ಧವಾದ ಕತ್ತರಿಯಿಂದ ಬೇರೆಯವರಿಂದ ಕತ್ತರಿಸಿಕೊಳ್ಳಿ. ತುರಿಕೆಗೆ ಉಪಾಯ: ಆರಿಸಿದ ತಣ್ಣೀರಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯನ್ನು ಎರಡು ನಿಮಿಷ ಇಟ್ಟು, ಒಣಗಿಸಿ, ಮುಲಾಮಿನ ತೆಳು ಲೇಪ. ಮಂಜುಗಡ್ಡೆ ನೇರವಾಗಿ ಬೇಡ. ನಿದ್ದೆಯಲ್ಲಿ ಕೆರೆದುಕೊಳ್ಳುವವರು ಉಗುರು ಕತ್ತರಿಸಿಕೊಂಡು, ತೆಳು ಹತ್ತಿಯ ಕೈಗವಸು ತೊಟ್ಟು ಮಲಗಿ.

ತುಟಿ ಮತ್ತು ಕಣ್ಣಿನಂಚು ಮಾಡಿಸಿಕೊಂಡವರಿಗೆ

ತುಟಿಯ ಗಡಿಯಾರ ಹುಬ್ಬಿಗಿಂತ ಬೇಗ ಓಡುತ್ತದೆ. ಮೊದಲ ದಿನ ಊತ, ಮೂರರಿಂದ ಐದನೆಯ ದಿನದೊಳಗೆ ಸಿಪ್ಪೆ ಸುಲಿಯುವುದು, ವಾರದ ಹೊತ್ತಿಗೆ ಬಣ್ಣ ಹೋದಂತೆ ಕಾಣುವುದು. ಮುಂದಿನ ನಾಲ್ಕೈದು ವಾರಗಳಲ್ಲಿ ಅದು ಮೆಲ್ಲಗೆ ಮರಳಿ ಬರುತ್ತದೆ. ತುಟಿ ಒಣಗಲು ಬಿಡಲೇಬಾರದು, ಮುಲಾಮು ಪದೇ ಪದೇ ಬೇಕು. ಉಪ್ಪಿನಕಾಯಿ, ಖಾರದ ಸಾರು, ನಿಂಬೆಹುಳಿ, ಹೊಗೆಯಾಡುವ ಕಾಫಿ ಒಂದು ವಾರ ದೂರವಿರಲಿ. ಮೊಸರನ್ನ, ಮೆತ್ತಗಿನ ಇಡ್ಲಿಯನ್ನು ಚಮಚದಲ್ಲಿ ತುಟಿ ತಾಗದಂತೆ ತಿನ್ನಿ. ಟೂತ್‌ಪೇಸ್ಟಿನ ನೊರೆ ತುಟಿಗೆ ಹತ್ತದಂತೆ ಮೊದಲೇ ಮುಲಾಮು ಹಚ್ಚಿಕೊಂಡು ಹಲ್ಲುಜ್ಜಿ.

ಜ್ವರ ಬಂದಾಗ, ದಣಿದಾಗ ತುಟಿಯ ಅಂಚಿನಲ್ಲಿ ನೀರುಗುಳ್ಳೆಗಳ ಗುಂಪು ಏಳುವುದು ನಿಮಗೆ ಎಂದಾದರೂ ಆಗಿದ್ದರೆ, ಅದು ಹರ್ಪಿಸ್ ವೈರಾಣುವಿನ ಕೆಲಸ. ಒಮ್ಮೆ ಬಂದ ಆ ವೈರಾಣು ನರದಲ್ಲಿ ಅವಿತು ಕೂತಿರುತ್ತದೆ; ಸೂಜಿಯ ಪೆಟ್ಟು ಅದನ್ನು ಎಬ್ಬಿಸುತ್ತದೆ. ಲಿಪ್ ಬ್ಲಶ್‌ಗೆ ಮೊದಲೇ ವೈದ್ಯರನ್ನು ಕಂಡು ವೈರಾಣು ತಡೆಯುವ ಮಾತ್ರೆ ಬರೆಸಿಕೊಳ್ಳಿ. ಗುಳ್ಳೆ ಎದ್ದ ಮೇಲೆ ಓಡಿದರೆ ತುಟಿಯ ಬಣ್ಣ ತೇಪೆ ತೇಪೆಯಾಗುತ್ತದೆ.

ಕಣ್ಣಿನಂಚಿಗೆ ಕಾಡಿಗೆ ತೀಡಿದಂತೆ ಬಣ್ಣ ಕೂರಿಸಿಕೊಂಡವರಿಗೆ ಮೊದಲೆರಡು ಬೆಳಿಗ್ಗೆ ರೆಪ್ಪೆ ಊದಿರುತ್ತದೆ. ತಲೆ ಎತ್ತರಿಸಿ ಮಲಗಿದರೆ ಕಡಿಮೆ. ಕಾಂಟ್ಯಾಕ್ಟ್ ಲೆನ್ಸ್ ಒಂದು ವಾರ, ಕಾಡಿಗೆ ಮಸ್ಕಾರಗಳು ಎರಡು ವಾರ ಬೇಡ. ಆಮೇಲೂ ಹೊಸ ಮಸ್ಕಾರದಿಂದಲೇ ಶುರು ಮಾಡಿ. ಕಣ್ಣೊಳಗೆ ನೋವು, ಮಂಜು ಮಂಜಾದ ದೃಷ್ಟಿ, ಬೆಳಕು ಸಹಿಸಲಾಗದಿರುವುದು, ಈ ಮೂರರಲ್ಲಿ ಒಂದು ಕಂಡರೂ ಅದೇ ದಿನ ಕಣ್ಣಾಸ್ಪತ್ರೆಗೆ ಹೋಗಿ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಸಹಜ ಗಾಯದ ನೋವು ದಿನದಿಂದ ದಿನಕ್ಕೆ ಇಳಿಯುತ್ತದೆ. ಮೂರನೆಯ ದಿನದ ನಂತರ ನೋವು ಏರುತ್ತಿದ್ದರೆ, ಕೆಂಪು ಹುಬ್ಬಿನ ಗಡಿ ದಾಟಿ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಾಗಿದ್ದರೆ, ದಪ್ಪ ಹಳದಿ ಅಥವಾ ಹಸಿರು ಕೀವು ಬಂದರೆ, ಜ್ವರ ಬಂದರೆ ನಂಜೇರಿದೆ ಎಂದರ್ಥ. ಚರ್ಮರೋಗ ತಜ್ಞರ ಬಳಿ ಹೋಗಿ. ಮಾಡಿದವರ ಬಳಿ ಹೋಗಿ ಕಾಲ ಕಳೆಯಬೇಡಿ. ನಾವು ವೈದ್ಯರಲ್ಲ, ಆಂಟಿಬಯಾಟಿಕ್ ಬರೆಯುವ ಅಧಿಕಾರ ನಮಗಿಲ್ಲ.

ಇನ್ನೊಂದು ನಂಜು ತಡವಾಗಿ ಬರುತ್ತದೆ. ಎಲ್ಲ ಮಾಯಿತು ಎಂದುಕೊಂಡ ಮೇಲೆ, ವಾರಗಳು ಕಳೆದು, ಗೆರೆಗಳ ಮೇಲೆ ಕೆಂಪು ಗುಳ್ಳೆಗಳು ಏಳುತ್ತವೆ. ಕಿವಿಯ ಮುಂದೆ ಅಥವಾ ದವಡೆಯ ಕೆಳಗೆ ಗಂಟು ಕಾಣಿಸಬಹುದು. ಶುದ್ಧವಲ್ಲದ ನೀರಿನಲ್ಲಿ ಬದುಕುವ, ಕ್ಷಯದ ರೋಗಾಣುವಿನ ಜಾತಿಗೆ ಸೇರಿದ ಸೂಕ್ಷ್ಮಾಣುಗಳು ಇದಕ್ಕೆ ಕಾರಣವಾಗಬಹುದು. ಬಣ್ಣವನ್ನು ನಲ್ಲಿ ನೀರಿನಿಂದ ತೆಳು ಮಾಡಿದಾಗ ಅವು ಒಳಸೇರುತ್ತವೆ. ಸಾಮಾನ್ಯ ಮಾತ್ರೆಗಳಿಗೆ ಇವು ಬಗ್ಗುವುದಿಲ್ಲ. ಹೀಗಾದರೆ ಹುಬ್ಬಿಗೆ ಬಣ್ಣ ಕೂರಿಸಿಕೊಂಡದ್ದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಬಣ್ಣ ಇರುವಲ್ಲಿ ಮಾತ್ರ ತಿಂಗಳುಗಟ್ಟಲೆ ತುರಿಕೆ, ಉಬ್ಬು ಇದ್ದರೆ ಅದು ಬಣ್ಣದ ಅಲರ್ಜಿ ಇರಬಹುದು.

6. ಎರಡನೆಯ ವಾರದಿಂದ ಐದನೆಯ ವಾರ: ಬಣ್ಣ ಮಾಯವಾಗಿ ಮರಳುವುದು

ಹಕ್ಕಳೆ ಉದುರಿದ ಜಾಗದಲ್ಲಿ ಹೊಸ ಚರ್ಮ ಹಾಲಿನ ಕೆನೆಯಂತೆ ಮಂಜಾಗಿರುತ್ತದೆ. ಆ ಕೆನೆಯ ಕೆಳಗೆ ಬಣ್ಣ ಇದ್ದರೂ ಕಾಣುವುದಿಲ್ಲ. ಹನ್ನೆರಡನೆಯ ದಿನದ ಆ ಅಳು ಇಲ್ಲಿಯದು. ಹೊಸ ಚರ್ಮ ಪಾರದರ್ಶಕವಾಗುತ್ತ ಬಂದಂತೆ, ಮೂರನೆಯ ವಾರದಿಂದ ಆಚೆಗೆ, ಬಣ್ಣ ಮೇಲೆ ತೇಲಿ ಬರುತ್ತದೆ. ಮೊದಲ ದಿನ ಕಂಡ ಗಾಢತೆಯಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೂ ಇಳಿಯುವುದು ಮಾಮೂಲು. ಮಾಡುವವರು ಅದನ್ನು ಲೆಕ್ಕ ಹಾಕಿಯೇ ಗಾಢ ಬಣ್ಣ ಹಾಕಿರುತ್ತಾರೆ.

ವಾರಕ್ಕೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ, ಮುಖಕ್ಕೆ ಏನೂ ಹಚ್ಚದೆ ಒಂದು ಫೋಟೊ ತೆಗೆದುಕೊಳ್ಳಿ. ದಿನಕ್ಕೆ ಹತ್ತು ಸಲ ಕನ್ನಡಿ ನೋಡುವುದಕ್ಕಿಂತ ಆ ನಾಲ್ಕು ಫೋಟೊಗಳು ನಿಮಗೆ ಸತ್ಯ ಹೇಳುತ್ತವೆ.

ಈಗ ಚರ್ಮ ಮುಚ್ಚಿರುವುದರಿಂದ ಸನ್‌ಸ್ಕ್ರೀನ್ ಶುರು ಮಾಡಬಹುದು, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು. ಬಿಸಿಲು ಬಣ್ಣವನ್ನು ಬೇಗ ತಿಂದುಹಾಕುತ್ತದೆ. ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಫೇಶಿಯಲ್, ಬ್ಲೀಚ್ ನಾಲ್ಕು ವಾರ ಬೇಡ. ಪಾರ್ಲರಿನಲ್ಲಿ ನಿಮ್ಮ ಹುಬ್ಬು ನೋಡಿ 'ಸ್ವಲ್ಪ ದಾರ ಎಳೆದುಬಿಡುತ್ತೇನೆ' ಎಂದರೆ ಒಪ್ಪಬೇಡಿ. ರೆಟಿನಾಲ್, ಗ್ಲೈಕಾಲಿಕ್ ಆಮ್ಲದಂಥ ಸಿಪ್ಪೆ ಸುಲಿಸುವ ಕ್ರೀಮುಗಳನ್ನು ಈ ಅವಧಿಯಲ್ಲಿ ಮಾತ್ರವಲ್ಲ, ಮುಂದೆಯೂ ಹುಬ್ಬಿನ ಮೇಲೆ ತಾಗಿಸಬೇಡಿ.

7. ಆರನೆಯ ವಾರ: ಟಚ್-ಅಪ್

ತಿದ್ದಿ ತುಂಬುವ ಎರಡನೆಯ ಸರದಿಗೆ ಟಚ್-ಅಪ್ ಎನ್ನುತ್ತಾರೆ. ಬಹುತೇಕ ಎಲ್ಲರಿಗೂ ಇದು ಬೇಕಾಗುತ್ತದೆ. ಮೊದಲ ಕೆಲಸ ಕೆಟ್ಟಿತು ಎಂದು ಭಾವಿಸಬೇಡಿ. ಆರು ವಾರಕ್ಕಿಂತ ಮೊದಲು ಮಾಡಿಸಿಕೊಳ್ಳಬಾರದು, ಏಕೆಂದರೆ ಚರ್ಮ ಇನ್ನೂ ಮಾಗಿರುವುದಿಲ್ಲ, ಅದೇ ಜಾಗಕ್ಕೆ ಮತ್ತೆ ಪೆಟ್ಟು ಬಿದ್ದರೆ ಕಲೆ ಉಳಿಯಬಹುದು. ವಯಸ್ಸಾದವರು, ನಿಧಾನ ಮಾಯುವ ಚರ್ಮದವರು ಎಂಟು ವಾರ ಕಾಯಿರಿ. ವಾರದ ಫೋಟೊಗಳನ್ನು ತೆಗೆದುಕೊಂಡು ಹೋಗಿ, ಎಲ್ಲಿ ಕಿಂಡಿ ಬಿದ್ದಿದೆ ಎಂದು ಬೆರಳಿಟ್ಟು ತೋರಿಸಿ. ಅದಾದ ಮೇಲೆ ಮೊದಲ ರಾತ್ರಿಯ ತೊಳೆಯುವಿಕೆಯಿಂದ ಎಲ್ಲವೂ ಮತ್ತೆ ಶುರು.

ಬಣ್ಣ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ನಿಲ್ಲುತ್ತದೆ. ಆ ಅವಧಿಯಲ್ಲಿ ಎಂಆರ್‌ಐ ಸ್ಕ್ಯಾನ್ ಮಾಡಿಸಬೇಕಾಗಿ ಬಂದರೆ ಸ್ಕ್ಯಾನ್ ಮಾಡುವವರಿಗೆ ಮೊದಲೇ ತಿಳಿಸಿ. ಕೆಲವು ಬಣ್ಣಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ, ಅಪರೂಪಕ್ಕೆ ಆ ಜಾಗ ಬೆಚ್ಚಗಾಗಬಹುದು. ಆ ಕಾರಣಕ್ಕೆ ಬೇಕಾದ ಸ್ಕ್ಯಾನನ್ನು ತಪ್ಪಿಸಬೇಡಿ. ಮುಖದ ಮೇಲೆ ಯಾವುದೇ ಲೇಸರ್ ಚಿಕಿತ್ಸೆ ಇದ್ದರೂ ಹೇಳಿ. ಕಬ್ಬಿಣದ ಅಥವಾ ಟೈಟಾನಿಯಂನ ಆಕ್ಸೈಡ್ ಇರುವ ತಿಳಿ ಬಣ್ಣಗಳು ಲೇಸರ್ ತಾಗಿದೊಡನೆ ಕಪ್ಪಾಗಿಬಿಡಬಹುದು. ರಕ್ತದಾನ ಮಾಡುವ ಅಭ್ಯಾಸವಿರುವವರು ಹಚ್ಚೆಯ ನಿಯಮದಂತೆ ಒಂದು ವರ್ಷ ತಡೆಯಬೇಕು. ಸೂಜಿ ಆಡಿದ ಕೊನೆಯ ದಿನಾಂಕವನ್ನು, ಅಂದರೆ ಟಚ್-ಅಪ್ ಆದ ದಿನವನ್ನು, ಬಣ್ಣದ ಶೀಶೆಯ ಫೋಟೊ ಇಟ್ಟ ಕಡೆಯೇ ಬರೆದಿಟ್ಟುಕೊಳ್ಳಿ.